ಎರಡೆರಡು ಸಲ ಹೇಳುವ ತಾತ

“ಎಲ್ಲರಿಗೂ ನಮಸ್ಕಾರ. ಎಲ್ಲರಿಗೂ ನಮಸ್ಕಾರ. ಖೊಹ್ ಖೊಹ್. ಇವತ್ತು ಭಾನುವಾರ. ಇವತ್ತು ಭಾನುವಾರ.”

ಮೆಣಸು ಸ್ಟೂಲಿನ ಮೇಲೆ ನಿಂತಿದ್ದಳು. ಅಪ್ಪನ ಕನ್ನಡಕ ಅವಳ ಮೂಗಿನ ತುದಿಗೆ ಜಾರಿತ್ತು. ಕೈಯಲ್ಲಿ ಮೈಕಿನ ಬದಲು ಸೌಟು. ಕೆಳಗೆ ಕೂತಿದ್ದ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಅಕ್ಕ, ಇನ್ನೊಂದ್ ಸಲ. ಕೆಮ್ಮೋದು ಇನ್ನೊಂದ್ ಸಲ ಮಾಡು.”

“ಖೊಹ್ ಖೊಹ್. ಕೆಮ್ಮೂ ಎರಡು ಸಲ. ಕೆಮ್ಮೂ ಎರಡು ಸಲ.”

ಅವಳು ಐದನೇ ಕ್ಲಾಸು. ಆಳು ಗಿಡ್ಡ, ಬಾಯಿ ಖಾರ. ಅದಕ್ಕೇ ಮೆಣಸು ಎಂಬ ಹೆಸರು ಬಿದ್ದಿತ್ತು. ತಮ್ಮ ಸದಾ ಅವಳ ಹಿಂದೆಯೇ ಸುತ್ತುತ್ತಿದ್ದ. ಅವನ ಹೆಸರು ಬಾಲ.

ಮೆಣಸು ಅಣಕಿಸುತ್ತಿದ್ದುದು ವಾಚ್ ತಾತನನ್ನು. ಬಸ್‌ಸ್ಟ್ಯಾಂಡಿನ ಪಕ್ಕ ಅವರದು ಗಡಿಯಾರ ರಿಪೇರಿ ಅಂಗಡಿ. ಅಮ್ಮನ ಹಾಗೆ ಅವರೂ ಹ್ಯಾಮ್. ಹ್ಯಾಮ್ ಎಂದರೆ ಪರೀಕ್ಷೆ ಪಾಸಾಗಿ, ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ರೇಡಿಯೊ ಸೆಟ್ ಇಟ್ಟುಕೊಂಡು ಹತ್ತಿರದವರು ದೂರದವರು ಎಲ್ಲರ ಜೊತೆ ಮಾತಾಡುವವರು. ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಅಮ್ಮ, “ಫೋನಲ್ಲಿ ಯಾರು ಮಾತಾಡ್ತಾರೆ ಅಂತ ಮೊದಲೇ ಗೊತ್ತಿರುತ್ತೆ. ಅದ್ರಲ್ಲೇನು ಮಜಾ?” ಎನ್ನುತ್ತಿದ್ದಳು.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಒಂದು ತುದಿಗೆ ಹೊಲಿಗೆ ಮೆಷಿನ್, ಇನ್ನೊಂದು ತುದಿಗೆ ರೇಡಿಯೊ. ಮೆಷಿನ್ ಮೋಟರ್ ತಿರುಗಿದರೆ ಸೆಟ್ಟು ಗೊರಕೆ ಹೊಡೆಯುತ್ತಿತ್ತು. ಅದಕ್ಕೇ ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಮೆಷಿನ್ನಿಗೆ ರಜೆ. ಆಗ ಊರಿನ ಹ್ಯಾಮ್‌ಗಳೆಲ್ಲ ಗಾಳಿಯಲ್ಲಿ ಸೇರುತ್ತಿದ್ದರು. ಆ ಕೂಟಕ್ಕೆ ನೆಟ್ ಎಂದು ಹೆಸರು. ಒಬ್ಬೊಬ್ಬರನ್ನೇ ಕರೆದು ಸರದಿ ಕೊಡುವವರು ವಾಚ್ ತಾತ.

ತಾತ ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದರು, ಅದೂ ಅಕ್ಷರ ಎಣಿಸಿದ ಹಾಗೆ ನಿಧಾನವಾಗಿ. ಕೊನೆಗೆ, “ಇನ್ಯಾರಾದ್ರೂ ಇದ್ದೀರಾ? ಇನ್ಯಾರಾದ್ರೂ ಇದ್ದೀರಾ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. ಸೆಟ್ಟಿನಿಂದ ಬರೀ ಗರಗರ ಸದ್ದು. ತಾತ ಒಂದು ನಿಮಿಷ ಆ ಗರಗರವನ್ನೇ ಕೇಳಿ, “ಸಿಕ್ಕಿತು, ಥ್ಯಾಂಕ್ಯೂ. ಸಿಕ್ಕಿತು, ಥ್ಯಾಂಕ್ಯೂ,” ಎನ್ನುತ್ತಿದ್ದರು. ಸದ್ದಿಗೂ ಥ್ಯಾಂಕ್ಯೂ ಹೇಳುವ ಮನುಷ್ಯನನ್ನು ಮೆಣಸು ಎಲ್ಲೂ ಕಂಡಿರಲಿಲ್ಲ.

“ಗರಗರ ಅವರಿಗೆ ಥ್ಯಾಂಕ್ಯೂ,” ಎಂದಳು ಈಗ ಸೌಟಿನೊಳಗೆ. “ಗರಗರ ಅವರಿಗೆ ಥ್ಯಾಂಕ್ಯೂ.”

ಬಾಲ ನೆಲದ ಮೇಲೆ ಉರುಳಾಡಿದ.

ಅಪ್ಪ ಬಸ್ ಡ್ರೈವರ್. ಭಾನುವಾರ ರಜೆ, ಅಡುಗೆ ಅವನದೇ. ಒಳಗಿನಿಂದ ತಲೆ ಹಾಕಿ, “ಸಾರಿಗೆ ಉಪ್ಪು ಜಾಸ್ತಿ ಆಯ್ತು. ನೀರು ಸುರಿದು ಸರಿ ಮಾಡ್ತೀನಿ. ನಿಮ್ಮಮ್ಮನಿಗೆ ಹೇಳ್ಬೇಡ,” ಎಂದ.

“ನಿಮ್ಮಮ್ಮ ಇಲ್ಲೇ ಇದ್ದಾಳೆ,” ಎಂದಳು ಅಮ್ಮ ಕತ್ತರಿ ಆಡಿಸುತ್ತ. “ನಾನಿಲ್ಲಿ ಹೆಡ್‌ಮಾಸ್ಟರ್ ಪ್ಯಾಂಟ್ ಬಿಚ್ಚಿಕೊಂಡು ಕೂತಿದ್ದೀನಿ. ಅವರ ಸೊಂಟ ಮತ್ತೆ ಎರಡು ಇಂಚು ದಪ್ಪ ಆಗಿದೆ.”

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು.

ಬೇಕರಿ ಮಾಮ ನಿಂತಿದ್ದ. ಮೊಣಕೈವರೆಗೆ ಮೈದಾಹಿಟ್ಟು. ಹೊರಗೆ ಸ್ಕೂಟರ್ ಇನ್ನೂ ಆಫ್ ಆಗಿರಲಿಲ್ಲ.

“ಅಕ್ಕ, ಮೈಕು. ನಿಮ್ಮ ಮೈಕ್ ಒತ್ತಿಕೊಂಡಿದೆ. ನೆಟ್ ಮುಗಿದ ಮೇಲೆ ಅರ್ಧ ಗಂಟೆಯಿಂದ ನಿಮ್ಮನೆ ಮಾತೆಲ್ಲ ಎಲ್ಲರ ಸೆಟ್ಟಿಗೂ ಬರ್ತಾ ಇದೆ. ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು.”

ಅಮ್ಮ ಮೇಜಿನ ಕಡೆ ಹಾರಿದಳು. ಹೊಲಿಯಲು ಬಂದಿದ್ದ ಬಟ್ಟೆಯ ಗಂಟು ರೇಡಿಯೊ ಪಕ್ಕ ಕೂತಿತ್ತು. ಗಂಟಿನ ಅಡಿಯಲ್ಲಿ ಫೋನು. ಫೋನಿನ ಪಕ್ಕ ಮೈಕು. ಗಂಟಿನ ಭಾರ ಸರಿಯಾಗಿ ಮೈಕಿನ ಬಟನ್ ಮೇಲೆ ಬಿದ್ದಿತ್ತು, ಮೂತಿ ಮಾತ್ರ ಆರಾಮಾಗಿ ಹೊರಗಿತ್ತು. ಆ ಬಟನ್ ಒತ್ತಿದಷ್ಟು ಹೊತ್ತು ನಮ್ಮ ಮಾತು ಹೊರಗೆ ಹೋಗುತ್ತದೆಯೇ ಹೊರತು ಬೇರೆಯವರ ಮಾತು ನಮಗೆ ಕೇಳಿಸುವುದಿಲ್ಲ. ಊರಿನವರೆಲ್ಲ ಕೂಗಿದರೂ ಈ ಮನೆಗೆ ಗೊತ್ತಾಗುವ ಹಾಗಿರಲಿಲ್ಲ.

“ಗಂಟು ಇಲ್ಲಿಟ್ಟವರು ಯಾರು?” ಅಮ್ಮನ ಧ್ವನಿ ತಣ್ಣಗಿತ್ತು.

“ಬಾಲ,” ಎಂದಳು ಮೆಣಸು.

“ಆ ಗಂಟು ನನಗಿಂತ ದೊಡ್ಡದಿದೆ,” ಎಂದ ಬಾಲ.

ಅದು ನಿಜವಾಗಿತ್ತು. ಮೆಣಸು ಸ್ಟೂಲಿನಿಂದ ಇಳಿದಳು. “ನೀನೇ ಅಲ್ವಾಮ್ಮ ಮಂಚ ಖಾಲಿ ಮಾಡು ಅಂದಿದ್ದು? ಅದಕ್ಕೇ ಅಲ್ಲಿಟ್ಟೆ.”

“ಮಾಮ,” ಎಂದಳು ಆಮೇಲೆ. “ವಾಚ್ ತಾತಾನೂ ಕೇಳಿದ್ರಾ?”

ಬೇಕರಿ ಮಾಮ ನಗು ತಡೆಯಲು ಮೀಸೆ ಕಚ್ಚಿದ. “ಅವರ ಸೆಟ್ಟು ಯಾವಾಗ ಆಫ್ ಆಗಿತ್ತಮ್ಮ?”

ಮೆಣಸು ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮುಂದಿನ ಭಾನುವಾರದ ನೆಟ್ ಮಕ್ಕಳದು. ಲೈಸೆನ್ಸ್ ಇರುವ ದೊಡ್ಡವರು ಪಕ್ಕದಲ್ಲಿ ಕೂತಿದ್ದರೆ ಮಕ್ಕಳು ಎರಡೆರಡು ನಿಮಿಷ ಮಾತಾಡಬಹುದು. ಮೆಣಸು ಒಂದು ತಿಂಗಳಿಂದ ತಯಾರಿ ನಡೆಸಿದ್ದಳು. ಹನ್ನೊಂದು ವಿಷಯ ಬರೆದುಕೊಂಡು, ಉಸಿರು ಬಿಗಿಹಿಡಿದು, ಅಪ್ಪನ ಕೈಗಡಿಯಾರ ನೋಡಿಕೊಂಡು ಒಂದು ನಿಮಿಷ ಐವತ್ತೆಂಟು ಸೆಕೆಂಡಿಗೆ ಮುಗಿಸುತ್ತಿದ್ದಳು. ಬಾಯಿಗೆ ಬ್ರೇಕ್ ಹಾಕಿಸಬೇಕು ಎಂದು ಅಪ್ಪ ಹೇಳಿದ್ದ.

“ತಾತ ನನ್ನ ಹೆಸರು ಕರೀತಾರಾ ಅಮ್ಮ?”

“ಕರೆಯೋದು ಬಿಡೋದು ಅವರಿಗೆ ಬಿಟ್ಟಿದ್ದು. ಅಂಗಡಿಗೆ ಹೋಗಿ ಸಾರಿ ಕೇಳ್ಕೊಂಡು ಬಾ. ಒಬ್ಬಳೇ ಹೋಗು. ಅಣಕಿಸೋಕೆ ನಾನೇನು ಜೊತೆ ಸೇರಿರಲಿಲ್ಲ.”

ಸೋಮವಾರ ಮೆಣಸು ಬಸ್‌ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂದಳು. ಮಂಗಳವಾರ ಶಾಲೆಯಲ್ಲಿ ಹೆಡ್‌ಮಾಸ್ಟರ್ ಅವಳ ಪಕ್ಕದಲ್ಲಿ ಹಾದುಹೋಗುವಾಗ ಹೊಟ್ಟೆ ಒಳಗೆಳೆದುಕೊಂಡು ನಡೆದರು. ಅವರು ದಿನಾ ಬ್ರೆಡ್ ತರುವುದು ಮಾಮನ ಬೇಕರಿಯಿಂದಲೇ. ಬುಧವಾರ ಕಾಲು ನೋವು ಎಂದಳು. ಗುರುವಾರ, ಶುಕ್ರವಾರ ಎಂಥ ನೆಪ ಹೇಳಿದಳೋ ಅವಳಿಗೇ ನೆನಪಿಲ್ಲ. ಶನಿವಾರ ಮಧ್ಯಾಹ್ನ ನೆಪಗಳೆಲ್ಲ ಖರ್ಚಾಗಿದ್ದವು. ಹೋಗಲೇಬೇಕಾಯಿತು.

ಅಂಗಡಿ ಒಂದು ಬೀರುವಿನಷ್ಟೇ ಅಗಲ. ಗೋಡೆ ತುಂಬ ಗಡಿಯಾರ. ಒಂದೊಂದರಲ್ಲಿ ಒಂದೊಂದು ಟೈಮು. ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಅಲಾರಂ ಗಡಿಯಾರದ ಹೊಟ್ಟೆಯೊಳಗೆ ನೋಡುತ್ತಿದ್ದರು. ಪಕ್ಕದ ಬೆಂಚಿನ ಮೇಲೆ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದ. ಅವನ ಶೂ ಮೇಲೆಲ್ಲ ಬಿಳಿ ಕಲ್ಲುಪುಡಿ.

“ಸಾರಿ ತಾತ,” ಎಂದಳು ಮೆಣಸು. ಗಡಿಯಾರಗಳ ಸದ್ದೇ ಅದಕ್ಕಿಂತ ಜೋರಾಗಿತ್ತು.

“ಕೇಳಿಸ್ಲಿಲ್ಲ,” ಎಂದರು ತಾತ, ತಲೆ ಎತ್ತದೆ.

“ಸಾರಿ ತಾತ. ಹೋದ ಭಾನುವಾರ ಅಣಕಿಸಿದ್ದು ನಾನೇ.”

ಬೆಂಚಿನ ಮೇಲಿದ್ದವನು ಥಟ್ಟನೆ ತಿರುಗಿದ. “ಅರೆ, ಇದೇ ಧ್ವನಿ. ಸೆಟ್ಟಲ್ಲಿ ಬಂದದ್ದು ನೀನೇನಾ? ನಾನು ನೆಟ್ ನಡೆಸಿ ನಡೆಸಿ ಈ ಅಣ್ಣನಿಗೇ ಗಂಟಲು ಕಟ್ಟಿ ಕೀರಲು ಧ್ವನಿ ಆಗಿದೆ ಅಂದ್ಕೊಂಡೆ. ಬಿಸಿನೀರು ಕುಡೀರಿ ಅಂತ ಹೇಳೋದಕ್ಕೇ ಇವತ್ತು ಬಂದಿದ್ದು.”

“ಗಡಿಯಾರ ರಿಪೇರಿಗೆ ಬಂದೆ ಅಂದ್ಯಲ್ಲ,” ಎಂದರು ತಾತ.

“ಅದೂ ಇದೆ ಅನ್ನಿ.”

ಅವನು ಗುಡ್ಡದ ಆಚೆಯ ಕಲ್ಲು ಕ್ವಾರಿಯ ವಾಚ್‌ಮನ್. ಅವನೂ ಹ್ಯಾಮ್. ತಾನೇ ಕೂಡಿಸಿ ಮಾಡಿದ ಪುಟ್ಟ ಸೆಟ್ಟು, ಹಳೇ ಬ್ಯಾಟರಿ, ನಡುವೆ ಇಷ್ಟು ದೊಡ್ಡ ಗುಡ್ಡ. “ಭಾನುವಾರ ಕ್ವಾರಿಗೆ ರಜೆ. ನನಗಿಲ್ಲ,” ಎಂದ. “ಕಲ್ಲುಗಳ ಜೊತೆ ಎಷ್ಟೂಂತ ಮಾತಾಡೋದು? ಕೊನೇಲಿ ಅಣ್ಣ ಇನ್ಯಾರಾದ್ರೂ ಇದ್ದೀರಾ ಅಂದಾಗ ನಾನೂ ಇದ್ದೀನಿ ಅಂತೀನಿ. ನೆಟ್ಟಲ್ಲಿ ಬಂದಿದ್ದನ್ನೆಲ್ಲ ಬರ್ಕೊಳ್ತೀನಿ. ಇಡೀ ವಾರ ಓದ್ಕೊಳ್ಳೋಕೆ ಆಗುತ್ತೆ. ನೋಡು, ನಿಮ್ಮನೇದೂ ಬರ್ಕೊಂಡಿದ್ದೀನಿ.”

ಅವನು ಜೇಬಿನಿಂದ ನೋಟ್‌ಬುಕ್ ತೆಗೆದು ಬಿಚ್ಚಿದ. ಪೆನ್ಸಿಲ್ ಅಕ್ಷರ. ಮೆಣಸು ಬಗ್ಗಿ ಓದಿದಳು.

ಸಾರಿ__ ಉಪ್ಪು ____ ನಿಮ್ಮಮ್ಮ__ ಹೇಳ್____

ಹೆಡ್‌ಮಾ____ ____ ಬಿಚ್ಚಿಕೊಂಡು ____ ಸೊಂಟ ____ ಇಂಚು

“ಅಯ್ಯೋ,” ಎಂದಳು ಮೆಣಸು.

“ಗುಡ್ಡ ಅರ್ಧ ಮಾತು ನುಂಗ್ಬಿಡುತ್ತೆ,” ಎಂದ ವಾಚ್‌ಮನ್. “ಹೆಡ್‌ಮಾಸ್ಟರಿಗೆ ಏನಾಯ್ತೋ ಅಂತ ವಾರವೆಲ್ಲ ಚಿಂತೆ ನನಗೆ. ಆದ್ರೆ ನಿಂದು ಪೂರ್ತಿ ಸಿಕ್ಕಿತು.”

ಅದರ ಮೇಲಿನ ಸಾಲುಗಳಲ್ಲಿ ಅವಳ ಮಾತು. ಅಲ್ಲೂ ಮೊದಲು ಗೆರೆಗಳೇ ಇದ್ದವು. ಮೊದಲ ಸಲ ಬಿದ್ದುಹೋದ ಅಕ್ಷರಗಳನ್ನು ಅವನು ಎರಡನೇ ಸಲ ಕೇಳಿ ಆ ಗೆರೆಗಳ ಮೇಲೆ ತುಂಬಿದ್ದ. ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ. ಕೆಮ್ಮೂ ಎರಡು ಸಲ. ಒಂದಕ್ಷರವೂ ತಪ್ಪಿರಲಿಲ್ಲ. ಖೊಹ್ ಖೊಹ್ ಕೂಡ ಇತ್ತು.

ಮೆಣಸು ಆ ಪುಟವನ್ನು ನೋಡಿದಳು. ಹಿಂದಿನ ಪುಟ ತಿರುವಿದಳು. ಅದರ ಹಿಂದಿನದನ್ನೂ ತಿರುವಿದಳು. ಪ್ರತಿ ಭಾನುವಾರವೂ ಹಾಗೇ. ಬೇಕರಿ ಮಾಮನ ಮಾತು ತೂತು ತೂತು. ಅಮ್ಮನದು ತೂತು ತೂತು. ತಾತನ ಮಾತೊಂದೇ ಇಡಿಯಾಗಿ ಕೂತಿತ್ತು.

“ಇದೊಂದು ಮಾತ್ರ ಅರ್ಥ ಆಗ್ಲಿಲ್ಲ ನೋಡು,” ಎಂದು ವಾಚ್‌ಮನ್ ಅವಳ ಮಾತಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಗರಗರ ಅವರಿಗೆ ಥ್ಯಾಂಕ್ಯೂ ಅಂತ ಇದೆ. ಗರಗರ ಅಂದ್ರೆ ಯಾರು?”

ಮೆಣಸಿನ ಕಿವಿ ಬಿಸಿಯಾಯಿತು. ಅವಳು ತಾತನ ಕಡೆ ಕಳ್ಳನೋಟ ಬೀರಿದಳು. ಗೋಡೆಯ ಮೇಲೆ ಇಪ್ಪತ್ತು ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು.

“ಯಾರೋ ಹೊಸಬರಿರಬೇಕು,” ಎಂದರು ತಾತ ಅಲಾರಂ ಗಡಿಯಾರದ ಒಳಗಿನಿಂದ. “ಯಾರೋ ಹೊಸಬರಿರಬೇಕು.”

“ಹೌದಾ? ಹಾಗಾದ್ರೆ ಒಳ್ಳೇದೇ,” ಎಂದ ವಾಚ್‌ಮನ್.

ಮೆಣಸು ಹೊರಡುವಾಗ ತಾತ ಭೂತಗನ್ನಡಿ ತೆಗೆದು ಅವಳನ್ನೊಮ್ಮೆ ನೋಡಿದರು. ಸರದಿಯ ವಿಷಯ ಎತ್ತಲಿಲ್ಲ. “ಕೆಮ್ಮು ಚೆನ್ನಾಗಿ ಮಾಡ್ತೀಯ,” ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಆ ಸಂಜೆ ಮೆಣಸು ತನ್ನ ಹನ್ನೊಂದು ವಿಷಯಗಳ ಹಾಳೆ ಹಿಡಿದು ಕೂತಳು. ಓಟದಲ್ಲಿ ಸೆಕೆಂಡ್ ಬಂದದ್ದನ್ನು ಹೊಡೆದುಹಾಕಿದಳು. ಹೊಸ ಸೈಕಲ್ಲನ್ನು ಹೊಡೆದುಹಾಕಿದಳು. ಗಣಿತದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದದ್ದನ್ನು ತುಂಬ ಹೊತ್ತು ನೋಡಿ, ಅದನ್ನೂ ಹೊಡೆದುಹಾಕಿದಳು.

“ಎಲ್ಲಾ ಹೊಡೆದ್ರೆ ಹೇಳೋದೇನು?” ಎಂದು ಕೇಳಿದ ಅಪ್ಪ.

“ಟೈಮ್ ಸಾಲಲ್ಲ ಅಪ್ಪ.”

“ನಿನ್ನ ಸ್ಪೀಡಿಗೆ ಟೈಮ್ ಸಾಲಲ್ವಾ?” ಎಂದು ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಭುಜ ಹಾರಿಸಿದಳು.

ಭಾನುವಾರ ಹತ್ತಕ್ಕೆ ಮೆಷಿನ್ ನಿಂತಿತು. ಬಟ್ಟೆಯ ಗಂಟು ಮಂಚದ ಅಡಿಗೆ ಹೋಗಿತ್ತು. ತಾತ ಮಕ್ಕಳನ್ನು ಕರೆಯತೊಡಗಿದರು. ಬೇಕರಿ ಮಾಮನ ಮಗಳು ಹಾಡಿದಳು. ಎಲೆಕ್ಟ್ರಿಷಿಯನ್ ಮಗ ಒಗಟು ಹೇಳಿದ. ಬಸ್‌ಸ್ಟ್ಯಾಂಡಿನ ಅವಳಿಗಳು ಇಬ್ಬರೂ ಒಟ್ಟಿಗೆ ಮಾತಾಡಿ ಯಾರಿಗೂ ಏನೂ ತಿಳಿಯಲಿಲ್ಲ. ಹತ್ತೂವರೆ ಆಯಿತು. ಹತ್ತು ಮುಕ್ಕಾಲಾಯಿತು.

ಮೆಣಸು ಹಾಳೆಯನ್ನು ಮಡಿಸಿದಳು. ಇನ್ನೂ ಚಿಕ್ಕದಾಗಿ ಮಡಿಸಿದಳು.

“ಇನ್ನೊಬ್ಬರಿದ್ದಾರೆ,” ಎಂದಿತು ಸೆಟ್ಟು. “ಇನ್ನೊಬ್ಬರಿದ್ದಾರೆ. ಟೈಲರಮ್ಮನ ಮನೆಯ ಮೆಣಸು. ಟೈಲರಮ್ಮನ ಮನೆಯ ಮೆಣಸು. ಖೊಹ್ ಖೊಹ್.”

ಅಮ್ಮ ಕಾಲ್‌ಸೈನ್ ಎಂಬ ತನ್ನ ರೇಡಿಯೊ ಗುರುತು ಹೇಳಿ ಮೈಕನ್ನು ಅವಳ ಕೈಗೆ ಕೊಟ್ಟಳು. ಮೆಣಸು ಬಟನ್ ಒತ್ತಿದಳು.

“ಎಲ್ಲರಿಗೂ ನಮಸ್ಕಾರ,” ಎಂದಳು ನಿಧಾನವಾಗಿ. “ಎಲ್ಲರಿಗೂ ನಮಸ್ಕಾರ.”

ಬಾಲ ಕಿಸಕ್ಕೆಂದ. “ಅಕ್ಕ ಮತ್ತೆ ತಾತನ್ನ ಅಣಕಿಸ್ತಾ ಇದ್ದಾಳೆ.” ಅಮ್ಮ ಅವನ ಬಾಯಿ ಮುಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಸೌಟು ಹಿಡಿದು ನಿಂತಿದ್ದ.

“ನಮ್ಮ ಕಿಟಕಿಯಿಂದ ಗುಡ್ಡದ ಈ ಕಡೆ ಕಾಣುತ್ತೆ. ನಮ್ಮ ಕಿಟಕಿಯಿಂದ ಗುಡ್ಡದ ಈ ಕಡೆ ಕಾಣುತ್ತೆ. ಆ ಕಡೆ ಏನಿದೆ? ಆ ಕಡೆ ಏನಿದೆ?”

ಅಷ್ಟೇ. ಮೆಣಸು ಬಟನ್ ಬಿಟ್ಟಳು. ಎರಡು ನಿಮಿಷದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಸೆಟ್ಟಿನಿಂದ ಗರಗರ ಬಂತು. ಅವಳು ಸ್ಪೀಕರಿಗೆ ಕಿವಿ ಆನಿಸಿದಳು. ಗರಗರದ ಒಳಗೆ ಬಹಳ ದೂರದಲ್ಲಿ ಏನೋ ಅಲುಗಾಡಿತು. ಮೆಣಸು ಮಡಿಸಿದ ಹಾಳೆಯನ್ನು ಬಿಚ್ಚಿ, ಹಿಂದೆ ತಿರುಗಿಸಿ, ಅಮ್ಮನ ಪೆನ್ಸಿಲ್ ಎತ್ತಿಕೊಂಡಳು. ಕೇಳಿಸಿದಷ್ಟನ್ನು ಬರೆದಳು.

ಕಲ್ಲು ____ ಆಮೇಲೆ ____ಡು ಮೊಲ

ಪೆನ್ಸಿಲ್ ಹಾಳೆಯ ಮೇಲೆಯೇ ಇತ್ತು. ಅವಳು ಕಾದಳು. ಗರಗರ ಮತ್ತೊಮ್ಮೆ ಅಲುಗಾಡಿತು.

“ಏನಂತೆ ಅಕ್ಕ?” ಎಂದು ಬಾಲ ಅಮ್ಮನ ಕೈ ಸರಿಸಿ ಪಿಸುಗುಟ್ಟಿದ.

ಮೆಣಸು ಮೊದಲು ಗೆರೆಗಳನ್ನು ತುಂಬಿದಳು. ಆಮೇಲೆ ಬಟನ್ ಒತ್ತಿದಳು.

“ಸಿಕ್ಕಿತು, ಥ್ಯಾಂಕ್ಯೂ,” ಎಂದಳು. “ಸಿಕ್ಕಿತು, ಥ್ಯಾಂಕ್ಯೂ.”