ಗೊಂಬೆಗೆ ಉದ್ದವಾದ ಸರ

"ಮೂಗುತಿ ಎಲ್ಲಿ ಹೋತು ಚಿಗವ್ವ? ಮೂಗುತಿ ಇಲ್ದ ಲಗ್ನ ಹ್ಯಾಂಗ ಆಗ್ತದ?" ಎಂದು ಕಮಳಿ ರಾಗ ತೆಗೆಯುವುದಕ್ಕೂ, ಮೈಲೂರಿನ ಶಿವರಾಜಪ್ಪನವರ ಅಂಗಳಕ್ಕೆ ವೈಜಿನಾಥ ಕಾಲಿಡುವುದಕ್ಕೂ ಸರಿಹೋಯಿತು.

ಶಿವರಾಜಪ್ಪನವರ ಕಿರಿಮಗಳು ಸುಭದ್ರಾ ತಲೆ ಎತ್ತಲಿಲ್ಲ. ಎತ್ತದೆಯೇ ಅವಳಿಗೆ ಗೊತ್ತಾಯಿತು. ಭಾಲ್ಕಿಯಿಂದ ಬಂದ ಆ ಚಪ್ಪಲಿಯ ಕಿರಕಿರ ಸದ್ದನ್ನು ಅವಳು ಸಂತೆಯ ಗದ್ದಲದಲ್ಲೂ ಗುರುತಿಸಬಲ್ಲಳು. ಕೈ ಮಾತ್ರ ಏನೂ ಆಗದಂತೆ ಅರಿಶಿನದ ಕಣಕ ನಾದುತ್ತಲೇ ಇತ್ತು.

ಅಕ್ಕನ ಮಕ್ಕಳು ಕಮಳಿ, ಮಡೆಪ್ಪ ಇವತ್ತು ಗೊಂಬೆಯ ಮದುವೆ ಹೂಡಿದ್ದರು. ಅರ್ಧ ಅಡುಗೆಮನೆ ಅಂಗಳಕ್ಕೆ ಬಂದಿತ್ತು. ಜೋಳದ ದಂಟಿನ ಬೆಂಡನ್ನು ದುಂಡಗೆ ಕತ್ತರಿಸಿ ಕುಂಕುಮ ಹಚ್ಚಿದರೆ ಓಲೆ. ಕುಂಬಳ ಬೀಜ ಪೋಣಿಸಿದರೆ ವಂಕಿ. ನೆನೆಸಿಟ್ಟ ಹುಣಸೆ ಬೀಜಕ್ಕೂ ಕಣಕದ ಮಣಿಗೂ ಸೂಜಿ ಹಾಯಿಸಿದರೆ ಸರ.

ಮನೆಯೊಳಗೆ ನಡೆದಿದ್ದು ಬೇರೊಂದು ಮದುವೆಯ ಮಾತು. ಔರಾದದಲ್ಲಿ ನಿಜಾಮ ಸರ್ಕಾರದ ತಹಸೀಲ ಕಚೇರಿಯ ಗುಮಾಸ್ತನಿಗೆ ಸುಭದ್ರಾಳನ್ನು ಕೇಳಿದ್ದರು. ಆದರೆ ಹೊರಗೆ ಕೊಡುವ ಮೊದಲು ಸೋದರತ್ತೆಯ ಮನೆಯವರು ಹೆಣ್ಣು ತರುವ ಹಕ್ಕು ಬಿಡಬೇಕು. ಅತ್ತೆಯ ಮಗ ಹುಡುಗಿಯ ತಂದೆಯ ಕೈಯಿಂದ ಎಲೆ ಅಡಿಕೆ ತೆಗೆದುಕೊಂಡು ಅಗಿದರೆ ಬಿಟ್ಟಂತೆ. ಆ ಅತ್ತೆಯ ಮಗನೇ ವೈಜಿನಾಥ. ಕರೆ ಹೋದ ಕೂಡಲೇ ಟಾಂಗಾ ಹಿಡಿದು ಬಂದುಬಿಟ್ಟಿದ್ದ. ಅದೇ ಅವಳ ಸಿಟ್ಟು.

"ಮಾಮಾ ಎಲ್ಲಿದ್ದಾರ?"

"ಲಿಂಗಪೂಜಿಗಿ ಕುಂತಾರ. ಕೂಡ್ರಿ ಭಾವ, ಎಲಿ ಎಲ್ಲೂ ಓಡಿಹೋಗಾಂಗಿಲ್ಲ," ಎಂದಳು ಸುಭದ್ರಾ.

"ಕಾಕಾ, ನೀವು ಗಂಡಿನ ಕಡ್ಯಾವ್ರು!" ಮಡೆಪ್ಪ ಅವನ ಧೋತರ ಹಿಡಿದೆಳೆದ. "ಸರ ನೀವೇ ಮಾಡ್ಬೇಕ್ರಿ."

ರುಮಾಲು ಪಕ್ಕಕ್ಕಿಟ್ಟು ವೈಜಿನಾಥ ಚಕ್ಕಳಮಕ್ಕಳ ಹಾಕಿ ಕುಳಿತ. ಭಾಲ್ಕಿಯ ಎಣ್ಣೆ ಅಂಗಡಿಯಲ್ಲಿ ಡಬ್ಬ ಎತ್ತುವ ದಪ್ಪ ಬೆರಳುಗಳಿಗೆ ಸೂಜಿ ಸಿಗಲೊಲ್ಲದು. ಸುಭದ್ರಾಳಿಗೆ ನಗು ಬಂತು, ನುಂಗಿಕೊಂಡಳು.

"ಔರಾದದ ಹುಡುಗ ಉರ್ದು ಭಾಳ ಚಂದ ಬರೀತಾನಂತ," ಎಂದ ಅವನು, ಮಣಿಗೆ ಹೇಳುವವನಂತೆ.

"ಬರೀಲಿ. ನನಗೇನ್ ಓದಾಕ ಬರ್ತದ?"

ಅವನು ಕಣ್ಣೆತ್ತಿದ. ಎತ್ತಿದ ಕಣ್ಣು ಅಲ್ಲೇ ನಿಂತಿತು. "ಗಲ್ಲಕ್ಕ ಕಣಕ ಹತ್ಯದ."

"ಹತ್ತಲಿ." ಮೊಣಕೈಯಿಂದ ಒರೆಸಿಕೊಳ್ಳಲು ಹೋಗಿ ಅವಳು ಕಿವಿಯತನಕ ಬಳಿದುಕೊಂಡಳು. ಅವನು ನೋಡುತ್ತಲೇ ಒಂದು ಮಣಿ ಪೋಣಿಸಿದ, ಇನ್ನೊಂದು, ಮತ್ತೊಂದು. ದಾರದ ಮೇಲೆ ಗಮನವೇ ಇರಲಿಲ್ಲ.

"ಅಯ್ಯ ಕಾಕಾ, ಇದೇನ್ ಮಾಡಿದ್ರಿ!" ಕಮಳಿ ಸರವನ್ನು ಮೇಲೆತ್ತಿದಳು. ಗೊಂಬೆ ಗೇಣುದ್ದ, ಸರ ನೆಲದ ಮೇಲೆ ಸುರುಳಿ ಸುತ್ತಿತ್ತು. "ಇದು ನಮ್ಮ ಚಿಗವ್ವನ ಕೊಳ್ಳಾಗ ಬರೋಬರಿ ಆಗ್ತದ!"

ವೈಜಿನಾಥನ ಕಿವಿಗಳು ಕೆಂಪಾದವು. ಬಿಡಲು ಬಂದವನು ಹೀಗೆ ನೋಡುತ್ತಾನೆಯೇ? ಸುಭದ್ರಾಳ ಸಿಟ್ಟೆಲ್ಲ ಇಳಿಯಿತು.

"ಭಾವ, ಖರೇ ಹೇಳ್ರಿ. ಯಾಕ ಬಂದ್ರಿ?"

"ನಿನಗ ಔರಾದ ಮನಿ ಮನಸ್ಸಿಗಿ ಬಂದದ ಅಂತ ಅವ್ವ ಅಂದಳು. ನಾ ಅಡ್ಡ ನಿಲ್ಲಲೇನು?"

"ನನ್ನ ಮನಸ್ಸು ಯಾರು ಕೇಳ್ಯಾರ?"

ಅಷ್ಟರಲ್ಲಿ ಹಣೆತುಂಬ ವಿಭೂತಿಯ ಶಿವರಾಜಪ್ಪನವರು ಎಲೆ ಅಡಿಕೆಯ ತಟ್ಟೆ ಹಿಡಿದು ಹೊರಗೆ ಬಂದರು. "ಹಿಡಿಯಪ್ಪ ವೈಜಿನಾಥ. ಎಲ್ಲಾರ ಎದುರು ಆಗಿಹೋಗಲಿ."

ಅವನು ಎದ್ದು ನಿಂತು ಮಡಿಸಿದ ಎಲೆ ತೆಗೆದುಕೊಂಡ. ಹಿರಿಯರ ಮುಂದೆ ಬಾಯಿ ಬಾರದವನು. ಕೈ ಮೆಲ್ಲಗೆ ಮೇಲೆ ಹೋಯಿತು, ತುಟಿಯ ಹತ್ತಿರ ತಡೆಯಿತು, ಮತ್ತೆ ಹೋಯಿತು.

ಸುಭದ್ರಾ ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಕಣಕದ ಕೈಯಿಂದಲೇ ಎಲೆ ಕಸಿದು ತನ್ನ ಬಾಯಿಗೆ ಹಾಕಿಕೊಂಡು ಕಚಕಚ ಅಗಿದಳು.

"ಏ ಹುಡುಗೀ! ಅದು ನೀ ತಿನ್ನೋ ಎಲಿ ಅಲ್ಲ!" ತಂದೆ ಗದರಿದರು.

ಬಾಯಿ ತುಂಬಿತ್ತು, ಮಾತು ಬರುವಂತಿರಲಿಲ್ಲ. ಅವಳು ತಲೆ ಅಲ್ಲಾಡಿಸಿ ಇನ್ನಷ್ಟು ಜೋರಾಗಿ ಅಗಿದಳು. ಮಕ್ಕಳು ಚಪ್ಪಾಳೆ ಹೊಡೆದರು. ಶಿವರಾಜಪ್ಪನವರು ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು.

"ಒಳಗ ಇನ್ನೊಂದು ಎಲಿ ಅದ. ತರಲೇನಪ್ಪ?"

"ಬ್ಯಾಡ್ರಿ ಮಾಮಾ!" ವೈಜಿನಾಥನ ದನಿ ಬೀದಿಗೆ ಕೇಳುವಷ್ಟು ದೊಡ್ಡದಾಯಿತು. "ನಾ ಹಕ್ಕ ಬಿಡಾಂಗಿಲ್ಲರಿ."

"ಇಷ್ಟು ದಿನ ಇಬ್ಬರೂ ಬಾಯಿಗಿ ಬೀಗ ಹಾಕ್ಕೊಂಡಿದ್ರೇನು? ಔರಾದಕ್ಕ ಈಗ ನಾ ಏನಂತ ಹೇಳಿ ಕಳಸ್ಲಿ?" ಎಂದು ಗೊಣಗುತ್ತ ಅವರು ಒಳಗೆ ಹೋದರು. ಹೋಗುವಾಗ ಮೀಸೆಯಡಿ ನಕ್ಕಿದ್ದನ್ನು ಮಗಳು ಕಂಡಳು.

"ಕಣ್ಣಾಗ ನೀರು ಬಂದಾವಲ್ಲ, ಸುಣ್ಣ ಹೆಚ್ಚಾತೇನು?" ವೈಜಿನಾಥ ಹತ್ತಿರ ಬಂದ.

"ಸುಣ್ಣ ಅಲ್ರಿ. ಗಳಿಗಿ ತಡ ಆಗಿದ್ರ ನೀವು ತಿಂದೇಬಿಡ್ತಿದ್ರಿ."

"ತಿಂತಿದ್ದೆ," ಎಂದ ಅವನು ತಲೆ ತಗ್ಗಿಸಿ. "ತಿಂದು, ಭಾಲ್ಕಿ ಮುಟ್ಟೂತನಕ ಅಳತಿದ್ದೆ."

"ಈಗ ಅಳ್ರಿ ನೋಡೋಣು!"

ಅವನು ಅಳಲಿಲ್ಲ. ಅವಳೇ ಅತ್ತಳು, ಕೆಂಪಾದ ಬಾಯಿತುಂಬ ನಗುತ್ತ.