ಪಕ್ಕದ ಸೀಟು

“ಇವನಿಗೇನು ಪ್ರಾಬ್ಲಂ ಪುಟ್ಟಾ?”

ಪುಟ್ಟ ರೇಸ್ ಗಾಡಿ ಓಡಿಸುವ ಕಾರ್ಟಿಂಗ್ ಟ್ರ್ಯಾಕಿನ ಮ್ಯಾನೇಜರ್ ಶ್ರೀಕಾಂತ್ ಕೇಳಿದ್ದು ದೀಪುವನ್ನಲ್ಲ, ಅವನ ತಂಗಿ ಬಿಂದುಶ್ರೀಯನ್ನು. ದೀಪು ಹೆಲ್ಮೆಟ್ ಹಾಕಿಕೊಂಡು ಅಲ್ಲೇ ನಿಂತು ಹಿಂದೆ ಮುಂದೆ ತೂಗಾಡುತ್ತಿದ್ದ.

“ಪ್ರಾಬ್ಲಂ ಏನಿಲ್ಲ ಸಾರ್. ಅಣ್ಣಂಗೆ ಆಟಿಸಂ ಇದೆ. ಖುಷಿಯಾದ್ರೂ ಹೀಗೆ ಮಾಡ್ತಾನೆ. ಜಾಸ್ತಿ ಸೌಂಡ್ ಆಗಲ್ಲ ಅವನಿಗೆ, ಅದಕ್ಕೆ ಕಿವಿಗೆ ಪ್ಲಗ್ ಹಾಕಿದೀವಿ,” ಎಂದಳು ಬಿಂದು. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನಿನ ಮುಂದೆ ನಿಲ್ಲುವಾಗ ಅಪ್ಪ ಕಿವಿಗಿಟ್ಟುಕೊಳ್ಳುವಂಥದ್ದೇ ಮೆತ್ತನೆಯ ಪ್ಲಗ್ಗುಗಳು ಅವು.

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ ಅಪ್ಪನ ಕಡೆ ತಿರುಗಿದರು. “ಕಷ್ಟ ಸಾರ್. ಇಂಥ ಮಕ್ಕಳಿಗೆ ಗಾಡಿ ಕೊಟ್ಟು, ಏನಾದ್ರೂ ಆದ್ರೆ ನಮ್ಮ ತಲೆ ಮೇಲೆ ಬರುತ್ತೆ.”

ಬಿಂದುವಿಗೆ ಮೈಯೆಲ್ಲ ಉರಿಯಿತು. ಇಂಥ ಮಕ್ಕಳಂತೆ! ಈಗಷ್ಟೇ ಟ್ರ್ಯಾಕಿನ ಅಂಚಿನ ಟೈರ್ ಗೋಡೆಗೆ ಗಾಡಿ ಗುದ್ದಿ, ಹಲ್ಲು ಕಿರಿಯುತ್ತಾ ಬಂದನಲ್ಲ ಕೆಂಪು ಟೀ ಶರ್ಟಿನ ಹುಡುಗ, ಅವನು ಎಂಥ ಮಗುವಂತೆ? ಅವನನ್ನು ಯಾರೂ ಏನೂ ಕೇಳಲಿಲ್ಲ. ದೀಪು ಬಸ್ಸಿನಲ್ಲಿ ಕೂತರೆ ಡ್ರೈವರ್ ಕಾಲನ್ನೇ ನೋಡುವವನು. ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಅವನ ಕಾಲು ಬ್ರೇಕ್ ಒತ್ತುತ್ತಿರುತ್ತದೆ.

“ಅವನಿಗೆ ರೂಲ್ಸೆಲ್ಲ ಗೊತ್ತು ಸಾರ್!”

“ಸುಮ್ನಿರು ಬಿಂದು,” ಎಂದರು ಅಪ್ಪ. ಅವರ ದನಿ ಇಳಿದುಹೋಗಿತ್ತು.

“ಒಂದ್ ಕೆಲ್ಸ ಮಾಡಿ,” ಎಂದರು ಮ್ಯಾನೇಜರ್. “ಡಬಲ್ ಸೀಟ್ ಗಾಡಿ ಇದೆ. ನೀವು ಓಡ್ಸಿ, ಅವನು ಪಕ್ಕದಲ್ಲಿ ಕೂತ್ಕೊಳ್ಲಿ. ಅವನಿಗೆ ಅಷ್ಟೇ ಸಾಕು.”

ಅಪ್ಪ ಒಪ್ಪಿ ತಲೆಯಾಡಿಸಿದರು. ಸುಮ್ಮನೆ ಮನೆಗೆ ಹೋಗುವುದಕ್ಕಿಂತ ಇದೇ ವಾಸಿ ಎಂದು ಬಿಂದುವಿಗೂ ಅನ್ನಿಸಿತು. “ಅಣ್ಣಂಗೆ ಓಕೆ ಸಾರ್,” ಎಂದು ದೀಪುವಿನ ಕೈ ಹಿಡಿದು ಎಳೆದಳು.

ದೀಪು ಕದಲಲಿಲ್ಲ. ತೂಗಾಟವೂ ನಿಂತಿತ್ತು.

“ಪಕ್ಕದ ಸೀಟಲ್ಲಿ ಸ್ಟೀರಿಂಗ್ ಇಲ್ಲ,” ಎಂದ.

ಬಿಂದು ಕೈ ಬಿಟ್ಟಳು. ಅವಳ ಮುಖ ಬಿಸಿಯಾಯಿತು. ಓಕೆ ಅಂತ ಅವನು ಯಾವಾಗ ಹೇಳಿದ್ದ?

“ಸಾರ್, ಅವನನ್ನೇ ಕೇಳಿ,” ಎಂದಳು ಗಟ್ಟಿಯಾಗಿ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ನನ್ನನ್ನಲ್ಲ, ಅಪ್ಪನ್ನೂ ಅಲ್ಲ. ಹೆಲ್ಮೆಟ್ ಹಾಕ್ಕೊಂಡಿರೋದು ಅವನು!”

ಮ್ಯಾನೇಜರ್ ತಲೆ ಕೆರೆದುಕೊಂಡರು. “ಬ್ರೇಕ್ ಯಾವುದಪ್ಪಾ?”

ದೀಪು ತನ್ನ ಎರಡೂ ಕಾಲುಗಳನ್ನು ನೋಡಿಕೊಂಡ. ಅವರು ಮತ್ತೆ ಅಪ್ಪನ ಕಡೆ ತಿರುಗುವುದರಲ್ಲಿದ್ದರು.

“ಈ ಗಾಡೀಲಿ ಎಡಗಾಲು,” ಎಂದ ದೀಪು, ನೆಲ ನೋಡುತ್ತಾ. “ಬಲಗಾಲು ಆಕ್ಸಿಲರೇಟರ್. ಎರಡೂ ಒಟ್ಟಿಗೆ ಒತ್ತಬಾರದು. ಹಳದಿ ಬಾವುಟ ಬಂದ್ರೆ ಸ್ಲೋ. ಓವರ್‌ಟೇಕ್ ಇಲ್ಲ.”

ಅಪ್ಪ ಮುಂದೆ ಬಂದರು. “ನನ್ನ ಮಗ ಒಬ್ಬನೇ ಓಡಿಸ್ತಾನೆ ಸಾರ್.”

“ಆಯ್ತು, ಆಯ್ತು. ಟ್ರ್ಯಾಕ್ ಖಾಲಿ ಮಾಡಿಸ್ತೀನಿ. ನಿಧಾನಕ್ಕೆ ಹೋಗ್ಬೇಕು ಮತ್ತೆ.”

ಮೊದಲ ತಿರುವು ಬಂದಾಗ ಬಿಂದು ಬೇಲಿಗೆ ಆತುಕೊಂಡು ನೋಡಿದಳು. ದೀಪುವಿನ ನೀಲಿ ಗಾಡಿ ನಿಧಾನಿಸಿತು, ತಿರುಗಿತು, ಮತ್ತೆ ಓಡಿತು. ಅಪ್ಪ ಚಪ್ಪಾಳೆ ತಟ್ಟುತ್ತಾ ಕಣ್ಣೊರೆಸಿಕೊಂಡರು.

ಗಾಡಿ ಬಂದು ನಿಂತಾಗ ಮ್ಯಾನೇಜರ್ ಬಿಂದುವಿನ ಕಡೆ ಬಾಗಿದರು. “ಹೇಗಿತ್ತಂತೆ ನಿಮ್ಮಣ್ಣಂಗೆ?”

ಸಕ್ಕತ್ತಾಗಿತ್ತು ಎಂಬ ಮಾತು ಬಿಂದುವಿನ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅಣ್ಣನ ಕಡೆ ನೋಡುತ್ತಾ ಕಾದಳು.

ದೀಪು ಸ್ಟೀರಿಂಗ್ ಬಿಟ್ಟಿರಲಿಲ್ಲ. ಟ್ರ್ಯಾಕಿನ ಕಡೆ ನೋಡುತ್ತಾ ಹೇಳಿದ:

“ಇನ್ನೊಂದ್ ಸಲ.”