ಕೆಂಚನಕೆರೆ ಆರಿಸಿದ ಹುಡುಗಿ

ಸಭಾಂಗಣದ ನಡುವೆ ನೆಲೆಶೋಧಕ ಯಂತ್ರ ಗುಂಯ್‌ಗುಡುತ್ತಿತ್ತು. ಪರಿಸರ ವಿಜ್ಞಾನದ ಅಂತಿಮ ವರ್ಷದವರು ಒಬ್ಬೊಬ್ಬರಾಗಿ ಅದರ ಗಾಜಿನ ಮೇಲೆ ಅಂಗೈ ಇಡುತ್ತಿದ್ದರು. ಯಂತ್ರ ನಾಡಿಮಿಡಿತದಿಂದ ಅವರ ಸ್ವಭಾವವನ್ನು ಅಳೆದು, ಇಂಟರ್ನ್‌ಶಿಪ್ ಎಲ್ಲಿ ಎಂಬುದನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ಕಾಡು, ಕೆರೆ, ಕಡಲತೀರಗಳಲ್ಲಿ ನೆಟ್ಟ ಸಂವೇದಕಗಳ ಹದಿನೈದು ವರ್ಷದ ಮಾಹಿತಿ ಅದರ ಹೊಟ್ಟೆಯಲ್ಲಿತ್ತು. ತೀರ್ಮಾನ ಮಾಡುತ್ತಿದ್ದುದು ವಿದ್ಯಾರ್ಥಿಗಳ ಪರವಾಗಿ ಅಲ್ಲ, ಆ ಜಾಗಗಳ ಪರವಾಗಿ.

ಎಲ್ಲರ ಕಣ್ಣೂ ಕೆಂಚನಕೆರೆ ಪಕ್ಷಿಧಾಮದ ಒಂದೇ ಒಂದು ಸ್ಥಾನದ ಮೇಲಿತ್ತು. ಅದು ಇಂದ್ರಾಣಿ ಕಮತಗಿಗೆ ಸಿಕ್ಕಿತು. ತರಗತಿಯಲ್ಲಿ ತೂಕಡಿಸುವುದರಲ್ಲಿ ಹೆಸರು ಮಾಡಿದ್ದ ಅವಳು, ಬೇರೆಡೆ ಅರ್ಜಿ ಹಾಕುವ ಗಡುವುಗಳನ್ನೆಲ್ಲ ಮಲಗಿಯೇ ಕಳೆದಿದ್ದಳು. ಇದೂ ಕೈತಪ್ಪಿದ್ದರೆ ಪದವಿಯೇ ಸಿಗುತ್ತಿರಲಿಲ್ಲ. ಆದರೂ ಅನುಮಾನ ಕಾಡಿ, ಯಂತ್ರ ರೂಪಿಸಿದ ಡಾ. ಸುಮಿತ್ರಾ ಹಂಪಿಹೊಳಿಯವರ ಬಳಿ ಹೋದಳು.

“ಮೇಡಂ, ಯಂತ್ರ ಕೆಟ್ಟೈತೇನ್ರಿ?”

ಸುಮಿತ್ರಾ ಲೆಕ್ಕಾಚಾರವನ್ನೆಲ್ಲ ತೆರೆದು ನೋಡಿ ನಕ್ಕರು. ಹಿಂದೆ ಕೆಂಚನಕೆರೆಗೆ ಹೋದ ವಿದ್ಯಾರ್ಥಿಗಳು ಹುರುಪಿನಿಂದ ಜೊಂಡು ಕಿತ್ತಾಗ ಗೂಡುಗಳೂ ಹೋಗಿದ್ದವು. ಎಣಿಕೆಗೆಂದು ಡ್ರೋನ್ ಹಾರಿಸಿದಾಗ ಕೊಕ್ಕರೆಗಳು ಊರು ಬಿಟ್ಟಿದ್ದವು. ಒಬ್ಬನಿಗೆ ಕಾಮಾಲೆಯಾಗಿ ಆ ಕಡೆ ತಲೆ ಹಾಕದ ವರ್ಷ ಮಾತ್ರ ಮರಿಗಳು ಇಮ್ಮಡಿಯಾಗಿದ್ದವು.

“ಕೆರಿಗೆ ಸುಮ್ನ ಕುಂದ್ರೋರು ಬೇಕಾಗ್ಯಾರವ್ವ. ನಿನ್ನಷ್ಟು ಸುಮ್ನ ಕುಂದ್ರೋರು ಇಡೀ ಜಿಲ್ಲಾದಾಗ ಇಲ್ಲ,” ಎಂದರು.

ಮೊದಲ ವಾರ ಇಂದ್ರಾಣಿ ಜಾಲಿಮರದ ಕೆಳಗೆ ಚೆನ್ನಾಗಿ ನಿದ್ದೆ ಮಾಡಿದಳು. ಎರಡನೆಯ ವಾರ ತಲೆಯ ಮೇಲಿನ ಗೂಡಿನಲ್ಲೇ ಮೊಟ್ಟೆಯೊಡೆದ ಮರಿಯೊಂದು ಕಿರುಚಿ ಎಬ್ಬಿಸಿತು. ಆಮೇಲೆ ನಿದ್ದೆ ಹತ್ತಲಿಲ್ಲ. ಯಾವ ಕೊಕ್ಕರೆ ಮೀನು ತರುತ್ತದೆ, ಯಾವುದು ಪಕ್ಕದ ಗೂಡಿನ ಕಡ್ಡಿ ಕದಿಯುತ್ತದೆ ಎಲ್ಲ ತಿಳಿಯಿತು. ಸೂರ್ಯೋದಯವನ್ನೇ ಕಾಣದವಳು ಸೂರ್ಯನಿಗಿಂತ ಮೊದಲು ಕೆರೆಯ ಬಳಿ ಇರತೊಡಗಿದಳು. ಮೂರು ತಿಂಗಳಲ್ಲಿ ಎಪ್ಪತ್ತೆರಡು ಮರಿಗಳು ಹಾರಿದವು.

ಸುದ್ದಿ ಹಬ್ಬಿತು. ಮರುವರ್ಷ ಚಿನ್ನದ ಪದಕದವರೆಲ್ಲ ಪದಕ ಬಚ್ಚಿಟ್ಟು, ತಾವು ಬದುಕಿನಲ್ಲಿ ಏನನ್ನೂ ಮಾಡಿಲ್ಲವೆಂದು ಪ್ರಮಾಣಪತ್ರ ತಂದರು. ಸೋಮಾರಿತನ ಕಲಿಸುವ ಕೋಚಿಂಗ್ ತರಗತಿಯೂ ಆರಂಭವಾಯಿತು. ಅದು ನಡೆಯುತ್ತಿದ್ದುದು ಬೆಳಗಿನ ಐದಕ್ಕೆ.

ಪದವಿ ಮುಗಿದಿದ್ದರೂ ಮತ್ತೊಮ್ಮೆ ಕೆರೆಯಲ್ಲಿರಬೇಕೆಂಬ ಆಸೆಯಿಂದ ಇಂದ್ರಾಣಿಯೂ ಬಂದು ಅಂಗೈ ಇಟ್ಟಳು. ಪರದೆಯ ಮೇಲೆ ಮೂಡಿತು: ‘ಅನರ್ಹ. ಉತ್ಸಾಹ ಮಿತಿಮೀರಿದೆ.’

ಅವಳು ಸುಮಿತ್ರಾ ಅವರತ್ತ ತಿರುಗಿದಳು. ಸುಮಿತ್ರಾ ತಮ್ಮಿಂದಲೂ ಇದನ್ನು ಬದಲಿಸಲಾಗದೆಂದು ಮೆಲ್ಲಗೆ ಹೇಳಿದರು. ಈ ಸಲ ಆಯ್ಕೆಯಾದ ವಿದ್ಯಾರ್ಥಿನಿ ಅಲ್ಲೇ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಇಂದ್ರಾಣಿ ಅವಳ ಭುಜ ಅಲುಗಿಸಿದಳು.

“ಏಳವ್ವ. ಮೂರನೇ ಜಾಲಿಮರದಾಗಿನ ಕೊಕ್ಕರಿ ಜೋಡಿಗೆ ಕೆಂಪು ಬಟ್ಟಿ ಕಂಡ್ರ ಅಂಜಿಕಿ. ಅದನ್ನ ನಿನಗ ಯಾರೂ ಹೇಳಿಲ್ಲ.”

ಒಂದೊಂದು ಗೂಡಿನ ಕಥೆ ಕೇಳುತ್ತ ಆ ಹುಡುಗಿಯ ಕಣ್ಣು ಅರಳತೊಡಗಿತು. ಅದನ್ನು ಕಂಡ ಸುಮಿತ್ರಾ ಸರಸರನೆ ಎದ್ದುಹೋಗಿ, ಅವಳು ಮತ್ತೆ ಅಂಗೈ ಇಡುವ ಮೊದಲೇ ಯಂತ್ರದ ಸ್ವಿಚ್ ಆಫ್ ಮಾಡಿಬಿಟ್ಟರು.